10 ಮೀಟರ್ ಸ್ಕ್ರೂ ಕನ್ವೇಯರ್ ಹಾಕಿಸಿದ ಮೇಲೆ ನುಚ್ಚು ಜಾಸ್ತಿ ಬರುತ್ತಿದೆ, ಏನು ಮಾಡಲಿ?

ಗಿರಣಿಮನೆ_ಮದ್ದೂರು

ಎಲ್ಲರಿಗೂ ನಮಸ್ಕಾರ. ಮದ್ದೂರಿನ ಹತ್ತಿರ ನಮ್ಮದೊಂದು ಸಣ್ಣ ಅಕ್ಕಿ ಗಿರಣಿ ಇದೆ. ಗಂಟೆಗೆ 2 ಟನ್ ಭತ್ತ ಓಡುತ್ತದೆ. ಅಪ್ಪನ ಕಾಲದಲ್ಲಿ ಒಂದು ಮೆಷಿನ್‌ನಿಂದ ಇನ್ನೊಂದಕ್ಕೆ ಅಕ್ಕಿ ಹೋಗುತ್ತಿದ್ದದ್ದು ಮಂಕರಿಯಲ್ಲಿ, ಮೂಟೆಯಲ್ಲಿ. ಈಗ ಹೊರುವವರು ಸಿಗುವುದಿಲ್ಲ. ಸಿಕ್ಕರೂ ಸುಗ್ಗಿ ಹೊತ್ತಿಗೆ ಕೈಕೊಡುತ್ತಾರೆ.

ಹೋದ ವರ್ಷ ಪಕ್ಕದಲ್ಲಿ ಹೊಸ ಶೆಡ್ ಕಟ್ಟಿ ಪಾಲಿಶರ್ ಅಲ್ಲಿಗೆ ಹಾಕಿದೆವು. ಶೆಲ್ಲರ್‌ನಲ್ಲಿ ಹೊಟ್ಟು ಬಿಟ್ಟ ಅಕ್ಕಿ ಮೊದಲು ಎಲಿವೇಟರ್‌ನಲ್ಲಿ, ಅಂದರೆ ಬೆಲ್ಟಿಗೆ ಕಟ್ಟಿದ ಬಕೆಟ್ಟುಗಳಲ್ಲಿ, ಮೇಲೆ ಹೋಗುತ್ತದೆ. ಅಲ್ಲಿಂದ 10 ಮೀಟರ್ ಸ್ಕ್ರೂ ಕನ್ವೇಯರ್‌ನಲ್ಲಿ (ತೊಟ್ಟಿಯೊಳಗೆ ತಿರುಗುತ್ತಾ ಸರಕನ್ನು ಮುಂದೆ ತಳ್ಳುವ ಉದ್ದನೆಯ ತಿರುಪು) ಅಡ್ಡಡ್ಡ ಹೋಗಿ ಪಾಲಿಶರ್ ಹಾಪರ್‌ಗೆ (ಸರಕು ತುಂಬುವ ಆಲಿಕೆಯಂಥ ತೊಟ್ಟಿ) ಬೀಳುತ್ತದೆ. ಸ್ಕ್ರೂ 150 ಮಿಲಿಮೀಟರ್‌ನದು. ಸುತ್ತು ಎಣಿಸಿದೆ, ನಿಮಿಷಕ್ಕೆ 150. ಮಾಡಿಕೊಟ್ಟವರು "ಸ್ಕ್ರೂ ಅಗ್ಗ, ಧೂಳೂ ಇರಲ್ಲ, ಕಣ್ಣು ಮುಚ್ಚಿಕೊಂಡು ಹಾಕಿಸಿ" ಎಂದರು. ಹಾಕಿಸಿದೆ.

ಈಗ ನುಚ್ಚು ಎದ್ದು ಕಾಣುವಷ್ಟು ಜಾಸ್ತಿ ಆಗಿದೆ. ಅಪ್ಪ ದಿನಾ ಸಂಜೆ ನುಚ್ಚಿನ ಚೀಲ ಎಣಿಸುತ್ತಾರೆ. ಬೈಯುವುದಿಲ್ಲ, ಸುಮ್ನೆ ನನ್ನ ಮುಖ ನೋಡುತ್ತಾರೆ. ಇಡೀ ಅಕ್ಕಿಗೂ ನುಚ್ಚಿಗೂ ರೇಟಿನಲ್ಲಿ ಎಷ್ಟು ಅಂತರ ಅಂತ ಈ ಕಸುಬಿನವರಿಗೆ ಹೇಳಬೇಕಿಲ್ಲ. ಸ್ಕ್ರೂ ಕಿತ್ತು ಬೆಲ್ಟ್ ಹಾಕಲಾ? ಚೈನ್ ಹಾಕಲಾ? ಪೈಪ್‌ನಲ್ಲಿ ಗಾಳಿ ಊದಿ ಸಾಗಿಸಿ ಅಂತಲೂ ಒಬ್ಬರು ಹೇಳಿದರು. ಫೋಟೋ ಹಾಕಿದ್ದೇನೆ, ನೋಡಿ ಹೇಳಿ.

ಹಳೇಫಿಟ್ಟರ್_ಮಂಡ್ಯ

ತಮ್ಮಾ, ನುಚ್ಚಿನ ವಿಷಯ ಆಮೇಲೆ. ನಿನ್ನ ಎರಡನೇ ಫೋಟೋದಲ್ಲಿ ಸ್ಕ್ರೂ ಮುಚ್ಚಳ ತೆಗೆದಿದೆ. ಒಬ್ಬ ಹುಡುಗ ಕೋಲು ಹಿಡಿದು ಅಕ್ಕಿ ತಳ್ಳುತ್ತಿದ್ದಾನೆ. ಒಳಗೆ ಸ್ಕ್ರೂ ತಿರುಗುತ್ತಿದೆ. ಅವನ ಹೆಗಲ ಮೇಲೆ ಟವೆಲ್ ಇದೆ.

ನಾನು 30 ವರ್ಷ ಸಕ್ಕರೆ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದವನು. ಯಾವ ಕಾರ್ಖಾನೆ ಅಂತ ಬೇಡ. ನನ್ನ ಜೊತೆ ಕೆಲಸ ಮಾಡುತ್ತಿದ್ದ ಒಬ್ಬರು ಓಡುವ ಬೆಲ್ಟ್‌ನ ಹಿಂದಿನ ಡ್ರಮ್ಮಿಗೆ ಅಂಟಿದ ಕಸ ಕೆರೆಯಲು ಹೋದರು. ಟವೆಲ್ಲಿನ ತುದಿ ಬೆಲ್ಟಿಗೂ ಡ್ರಮ್ಮಿಗೂ ನಡುವೆ ಸಿಕ್ಕಿತು. ಟವೆಲ್ ಬಿಡಬೇಕು ಅನ್ನುವಷ್ಟರಲ್ಲಿ ಕೈ ಒಳಗೆ ಹೋಗಿತ್ತು. ಸ್ವಿಚ್ ಇದ್ದದ್ದು 20 ಮಾರು ದೂರ. ಅವರು ಬದುಕಿದರು, ಬಲಗೈ ಉಳಿಯಲಿಲ್ಲ. ಆಮೇಲೆ ಆ ಬೆಲ್ಟಿನ ಉದ್ದಕ್ಕೂ ಎಳೆದರೆ ನಿಲ್ಲುವ ಹಗ್ಗದ ಸ್ವಿಚ್ ಹಾಕಿದರು. ಮೊದಲೇ ಹಾಕಬಹುದಿತ್ತು ಅಲ್ವಾ?

ಸ್ಕ್ರೂ ಬೆಲ್ಟಿಗಿಂತ ಕ್ರೂರಿ. ಬೆಲ್ಟ್ ಜಾರುತ್ತದೆ, ಸ್ಕ್ರೂ ಜಾರುವುದಿಲ್ಲ. ಹಿಡಿದದ್ದನ್ನು ಒಳಗೆ ತಿರುಗಿಸಿಕೊಂಡೇ ಹೋಗುತ್ತದೆ. 1948ರ ಕಾರ್ಖಾನೆ ಕಾಯ್ದೆಯ 21ನೇ ಸೆಕ್ಷನ್ನಿನಲ್ಲೇ ತಿರುಗುವ ಭಾಗಕ್ಕೆ ಭದ್ರವಾದ ಬೇಲಿ ಇರಬೇಕು ಅಂತ ಬರೆದಿದ್ದರು. ನಿನ್ನ ಗಿರಣಿ ಸಣ್ಣದೋ ದೊಡ್ಡದೋ, ಬೆರಳು ಎಲ್ಲಾ ಕಡೆ ಒಂದೇ. ಇವತ್ತೇ ಮುಚ್ಚಳಕ್ಕೆ ಬೋಲ್ಟ್ ಹಾಕು. ಬಿಚ್ಚಬೇಕಾದರೆ ಮೊದಲು ಮೇನ್ ಆಫ್ ಮಾಡಿ, ಬೀಗ ಹಾಕಿ, ಬೀಗದ ಕೈ ಬಿಚ್ಚುವವನ ಜೇಬಿನಲ್ಲೇ ಇರಲಿ.

ಅದು ಮಾಡಿ ಬಾ. ನುಚ್ಚಿನ ವಿಷಯ ಮಾತಾಡೋಣ.

ಗಿರಣಿಮನೆ_ಮದ್ದೂರು

ಅಣ್ಣ, ನೀವು ಹೇಳುವವರೆಗೂ ನನ್ನ ಗಮನಕ್ಕೆ ಬಂದಿರಲಿಲ್ಲ. ನಡುವಿನ ಬೇರಿಂಗ್ ಹತ್ತಿರ ಅಕ್ಕಿ ಗುಡ್ಡೆ ಆಗುತ್ತದೆ. ಅದಕ್ಕೆ ಮುಚ್ಚಳ ತೆಗೆದೇ ಇಟ್ಟಿದ್ದೆವು. ಈಗ ಫೋನ್ ಮಾಡಿ ನಿಲ್ಲಿಸಿಸಿದ್ದೇನೆ. ಬೋಲ್ಟ್ ನಾಳೆ ಹಾಕಿಸುತ್ತೇನೆ.

ಧಾನ್ಯಪರೀಕ್ಷೆ_ಮೈಸೂರು

ನಾನು ಧಾನ್ಯದ ಗುಣಮಟ್ಟ ನೋಡುವ ಲ್ಯಾಬಿನಲ್ಲಿ ಕೆಲಸ ಮಾಡುತ್ತೇನೆ. ಸ್ಕ್ರೂ ಕೀಳುವ ಮೊದಲು ಒಂದು ಕೆಲಸ ಮಾಡಿ. ನುಚ್ಚು ಎಲ್ಲಿ ಹುಟ್ಟುತ್ತಿದೆ ಅಂತ ಹುಡುಕಿ. ಪಾಲಿಶರ್ ಆದ ಮೇಲೆ ನುಚ್ಚು ಕಂಡಿತು ಅಂದ ಮಾತ್ರಕ್ಕೆ ಅದು ಸ್ಕ್ರೂನಲ್ಲೇ ಮುರಿದದ್ದು ಅಂತ ಹೇಳಲಾಗದು.

ಅಕ್ಕಿ ಕಾಳು ಮುರಿಯುವುದು ಗಿರಣಿಯಲ್ಲಿ. ಆದರೆ ಬಿರುಕು ಬಿಡುವುದು ಎಷ್ಟೋ ಸಲ ಕಣದಲ್ಲೇ. ಭತ್ತವನ್ನು ಬಿರುಬಿಸಿಲಿನಲ್ಲಿ ಬೇಗ ಒಣಗಿಸಿ, ರಾತ್ರಿ ಇಬ್ಬನಿಗೆ ಹಾಗೇ ಬಿಟ್ಟರೆ ಒಣಗಿದ ಕಾಳು ಮತ್ತೆ ತೇವ ಎಳೆದುಕೊಳ್ಳುತ್ತದೆ. ಹೊರಪದರ ಉಬ್ಬುತ್ತದೆ, ಒಳಗೆ ಹಾಗೇ ಇರುತ್ತದೆ. ಆಗ ಅಡ್ಡ ಬಿರುಕು ಬರುತ್ತದೆ. ಹೊಟ್ಟಿನೊಳಗೆ ಇರುವಷ್ಟು ಹೊತ್ತು ಅದು ಕಾಣುವುದಿಲ್ಲ. ಕೈಯಲ್ಲಿ ಹೊಟ್ಟು ಸುಲಿದು, ಕತ್ತಲಲ್ಲಿ ಟಾರ್ಚ್ ಬೆಳಕಿನ ಮೇಲೆ ಗಾಜಿಟ್ಟು ಕಾಳು ಹರಡಿ. ಬಿರುಕು ಗೆರೆಯ ಹಾಗೆ ಕಾಣುತ್ತದೆ. ಮಿಲ್ಲಿಂಗ್‌ಗೆ ಭತ್ತದ ತೇವ 13ರಿಂದ 14% ಇದ್ದರೆ ಒಳ್ಳೆಯದು. ತೀರಾ ಒಣಗಿದ್ದರೂ ನುಚ್ಚು ಜಾಸ್ತಿ.

ಆಮೇಲೆ ನಾಲ್ಕು ಕಡೆ ಸ್ಯಾಂಪಲ್ ತೆಗೆಯಿರಿ. ಶೆಲ್ಲರ್ ಬಾಯಿ, ಎಲಿವೇಟರ್ ಮೇಲ್ಬಾಯಿ, ಸ್ಕ್ರೂ ಕೊನೆ, ಪಾಲಿಶರ್ ಬಾಯಿ. ಒಂದೇ ಲಾಟ್ ಭತ್ತ ಓಡುವಾಗ, ಪ್ರತಿ ಜಾಗದಲ್ಲೂ ಹತ್ತು ನಿಮಿಷಕ್ಕೊಮ್ಮೆ ಒಂದೊಂದು ಹಿಡಿ. ಬೀಳುವ ಧಾರೆಗೆ ಅಡ್ಡಲಾಗಿ ಪಾತ್ರೆ ಹಿಡಿದು ತೆಗೆಯಿರಿ, ರಾಶಿಯಿಂದ ಬೇಡ. ರಾಶಿಯಲ್ಲಿ ನುಚ್ಚು ನಡುವೆ ಉಳಿಯುತ್ತದೆ, ಇಡೀ ಕಾಳು ಅಂಚಿಗೆ ಉರುಳುತ್ತದೆ. ಪ್ರತಿ ಜಾಗದ್ದು 100 ಗ್ರಾಂ ತೂಗಿ, ಮುರಿದದ್ದನ್ನು ಕೈಯಲ್ಲೇ ಆರಿಸಿ ತೂಗಿ. ಬೇಸರದ ಕೆಲಸ ನಿಜ. ಆದರೆ ಇದು ಮಾಡದೆ ಯಂತ್ರ ಬದಲಿಸಿದರೆ ಕತ್ತಲಲ್ಲಿ ಕಲ್ಲು ಎಸೆದ ಹಾಗೆ.

ಇನ್ನೊಂದು ಪ್ರಶ್ನೆ. ನಿಮ್ಮದು ಕುಸುಬಲಕ್ಕಿನಾ, ಸಾದಾ ಅಕ್ಕಿನಾ? ಕುಸುಬಲಕ್ಕಿ ಆದರೆ ಭತ್ತ ಬೇಯುವಾಗ ಒಳಗಿನ ಪಿಷ್ಟ ಅಂಟಾಗಿ ಬಿರುಕು ಕೂಡಿಕೊಳ್ಳುತ್ತದೆ, ಕಾಳು ಗಟ್ಟಿ. ಸಾದಾ ಅಕ್ಕಿ ತುಂಬಾ ನಾಜೂಕು.

ಗಿರಣಿಮನೆ_ಮದ್ದೂರು

ಸಾದಾ ಅಕ್ಕಿ ಅಕ್ಕ. ಭಾನುವಾರ ಕೂತು ಸ್ಯಾಂಪಲ್ ಎಣಿಸುತ್ತೇನೆ. ಅಪ್ಪನ ಕಣ್ಣು ಇನ್ನೂ ಚುರುಕು, ಅವರೂ ಕೂರುತ್ತಾರಂತೆ.

ಡ್ರಾಯಿಂಗ್‌ಬೋರ್ಡ್_ಹೂಟಗಳ್ಳಿ

ಕನ್ವೇಯರ್ ಡ್ರಾಯಿಂಗ್ ಮಾಡುವುದೇ ನನ್ನ ಕೆಲಸ. ಸ್ಯಾಂಪಲ್ ಬರಲಿ. ಅಷ್ಟರೊಳಗೆ ನಿಮ್ಮ ಸ್ಕ್ರೂ ಲೆಕ್ಕ ಹಾಕೋಣ. ಏಕೆಂದರೆ 150 ಸುತ್ತು ಅಂದಾಗಲೇ ನನಗೆ ಕಿವಿ ನೆಟ್ಟಗಾಯಿತು.

ಸ್ಕ್ರೂ ಅಗಲ 0.15 ಮೀಟರ್. ಸ್ಕ್ರೂ ಸುತ್ತ ಇರುವ ತಗಡಿನ ಅಲಗಿಗೆ ಗರಿ ಅನ್ನುತ್ತೇವೆ; ಒಂದು ಗರಿಯಿಂದ ಇನ್ನೊಂದು ಗರಿಗೆ ಇರುವ ಅಂತರ, ಅಂದರೆ ಪಿಚ್, ಸಾಮಾನ್ಯವಾಗಿ ಅಷ್ಟೇ ಇರುತ್ತದೆ. ಒಂದು ಸುತ್ತಿಗೆ ಅದು ಮುಂದೆ ತಳ್ಳುವ ಜಾಗ 0.785 (ಪೈನ ಕಾಲು ಭಾಗ) × 0.15 × 0.15 × 0.15, ಸುಮಾರು 2.65 ಲೀಟರ್. ನಡುವಿನ ಪೈಪ್ ಕಳೆಯಿರಿ, 2.3 ಲೀಟರ್ ಎನ್ನಿ. ಸ್ಕ್ರೂವನ್ನು ಬಾಯಿತನಕ ತುಂಬಿಸುವ ಹಾಗಿಲ್ಲ. ಸುಲಭವಾಗಿ ಹರಿಯುವ ಧಾನ್ಯಕ್ಕೆ 45% ತನಕ, ಉಜ್ಜುವ ಗುಣ ಇರುವುದಕ್ಕೆ 30% ಅಥವಾ 15%. ನಾವು 30 ಹಿಡಿಯೋಣ. ಸುತ್ತಿಗೆ 0.7 ಲೀಟರ್.

ನಿಮಗೆ ಬೇಕಾದದ್ದು ಎಷ್ಟು? 2 ಟನ್ ಭತ್ತದಲ್ಲಿ ಐದನೇ ಒಂದು ಭಾಗ ಹೊಟ್ಟು. ಉಳಿದದ್ದು 1.6 ಟನ್ ಅಕ್ಕಿ. ಲೀಟರಿಗೆ 0.78 ಕಿಲೋ ಲೆಕ್ಕದಲ್ಲಿ ಗಂಟೆಗೆ 2050 ಲೀಟರ್, ನಿಮಿಷಕ್ಕೆ 34. 34 ಅನ್ನು 0.7ರಿಂದ ಭಾಗಿಸಿದರೆ 49 ಸುತ್ತು. ನೀವು ಓಡಿಸುತ್ತಿರುವುದು ಅದರ ಮೂರು ಪಟ್ಟು!

ಆಗ ಏನಾಗುತ್ತದೆ? ತೊಟ್ಟಿಯಲ್ಲಿ ಅಕ್ಕಿ ತಳದಲ್ಲಿ ತೆಳ್ಳಗೆ ಹರಡಿರುತ್ತದೆ. ಗರಿಯ ಅಂಚು ಅದರ ಮೇಲೆ ಬೀಸಿ ಬೀಸಿ ಹೋಗುತ್ತದೆ. ಗರಿಗೂ ತೊಟ್ಟಿಗೂ ನಡುವೆ ಕೆಲವು ಮಿಲಿಮೀಟರ್ ಸಂದು ಇರುತ್ತದಲ್ಲ, ಅದರಲ್ಲಿ ಕಾಳು ಸಿಕ್ಕಿಕೊಂಡು ಲಟಕ್ ಅನ್ನುತ್ತದೆ. ಅಕ್ಕಿ ಕಾಳಿನ ಉದ್ದವೂ ಆಸುಪಾಸು ಅಷ್ಟೇ. ತುಂಬಿಕೊಂಡು ನಿಧಾನ ಹೋಗುವ ಸ್ಕ್ರೂನಲ್ಲಿ ಕಾಳಿಗೆ ಕಾಳೇ ಮೆತ್ತೆ. ಖಾಲಿ ಖಾಲಿಯಾಗಿ ಜೋರಾಗಿ ಓಡುವ ಸ್ಕ್ರೂ ಬೀಸುಕಲ್ಲು.

ಇನ್ನು ನಡುವಿನ ಬೇರಿಂಗ್. ಅಲ್ಲಿ ಗರಿ ಇರುವುದಿಲ್ಲ, ತಳ್ಳುವವರು ಯಾರೂ ಇಲ್ಲ. ಹಿಂದಿನ ಅಕ್ಕಿ ಮುಂದಿನದನ್ನು ತಳ್ಳಬೇಕು. ಗುಡ್ಡೆ ಆಗುವುದು ಅದಕ್ಕೆ.

ಬೆಲ್ಟ್ ಖರೀದಿ ಮಾಡುವ ಮೊದಲು ಮೋಟಾರ್ ಪುಲ್ಲಿ ಬದಲಿಸಿ 50ಕ್ಕೆ ಇಳಿಸಿ ನೋಡಿ. ಗಿರಣಿಯ ಪಕ್ಕದ ಲೇತ್ ಅಂಗಡಿಯಲ್ಲಿ ಆಗುವ ಕೆಲಸ.

ಮೂರನೇವರ್ಷ_ಮೆಕ್ಯಾನಿಕಲ್

ಸರ್, ಮಂಡ್ಯದಲ್ಲಿ ಓದುತ್ತಿದ್ದೇನೆ. ಸಾಂದ್ರತೆ 0.78 ಅಂತ ಹೇಗೆ ಹಿಡಿದಿರಿ? ಪುಸ್ತಕದಲ್ಲಿ ಒಂದೊಂದು ಕಡೆ ಒಂದೊಂದು ಅಂಕಿ ಇದೆ.

ಡ್ರಾಯಿಂಗ್‌ಬೋರ್ಡ್_ಹೂಟಗಳ್ಳಿ

ಪುಸ್ತಕದ ಅಂಕಿ ಅಂದಾಜಿಗೆ. ನಿಜವಾದದ್ದು ಬೇಕಾದರೆ ಒಂದು ಲೀಟರ್ ಡಬ್ಬ ತೆಗೆದುಕೊಳ್ಳಿ. ಆ ಗಿರಣಿಯ ಆ ದಿನದ ಸರಕನ್ನು ಕುಲುಕದೆ ತುಂಬಿ, ಕೋಲಿನಿಂದ ಮಟ್ಟ ಹೊಡೆದು ತೂಗಿ. ಕುಟ್ಟಿ ತುಂಬಿ ಇನ್ನೊಮ್ಮೆ ತೂಗಿ. ನಮ್ಮ ಅಜ್ಜಿಯರು ಸೇರು ಪಾವು ಅಳೆಯುವಾಗ "ಅದುಮಬೇಡ" ಅಂತ ಜಗಳ ಆಡುತ್ತಿದ್ದದ್ದು ಇದೇ ವ್ಯತ್ಯಾಸಕ್ಕೆ. ಎರಡು ತೂಕಗಳ ಅಂತರ ಜಾಸ್ತಿ ಇದ್ದರೆ ಆ ಸರಕು ಹಾಪರ್‌ನಲ್ಲಿ ತೊಂದರೆ ಕೊಡುತ್ತದೆ ಅಂತ ಅರ್ಥ. ಅಕ್ಕಿಯಲ್ಲಿ ಅಂತರ ಕಡಿಮೆ. ತೌಡು, ಹಿಟ್ಟಿನಲ್ಲಿ ಬಹಳ.

ಆಮೇಲೆ ನೆಲದ ಮೇಲೆ ನಿಧಾನವಾಗಿ ಸುರಿದು ರಾಶಿಯ ಇಳಿಜಾರು ನೋಡಿ. ಚಪ್ಪಟೆ ರಾಶಿ ಆದರೆ ಸಲೀಸಾಗಿ ಹರಿಯುವ ಸರಕು. ಕಡಿದಾದ ರಾಶಿ ಆದರೆ ಮೊಂಡು ಸರಕು. ಬೆರಳಿನಲ್ಲಿ ಉಜ್ಜಿ ನೋಡಿ, ಒರಟಾ? ಮುಷ್ಟಿಯಲ್ಲಿ ಹಿಸುಕಿ ನೋಡಿ, ಉಂಡೆ ಆಗುತ್ತದಾ? ಯಾವ ಕನ್ವೇಯರ್ ಬೇಕು ಅಂತ ಅರ್ಧ ಅಲ್ಲೇ ಗೊತ್ತಾಗುತ್ತದೆ. ಮೆಷಿನ್ ಕ್ಯಾಟಲಾಗ್ ಆಮೇಲೆ ತೆರೆಯಿರಿ. ನನ್ನ ಹತ್ತಿರ ಬರುವವರಲ್ಲಿ ಹೆಚ್ಚಿನವರು ಕ್ಯಾಟಲಾಗ್ ತರುತ್ತಾರೆ, ಸರಕು ತರುವುದಿಲ್ಲ. ಒಂದು ಚೀಲ ಸರಕು ತಂದರೆ ನಾನು ಕಾಫಿ ಕೊಟ್ಟು ಕೂರಿಸುತ್ತೇನೆ.

ಹಳೇಫಿಟ್ಟರ್_ಮಂಡ್ಯ

ಸರಿಯಾದ ಮಾತು. ಸಕ್ಕರೆ ಕಾರ್ಖಾನೆ ಉದಾಹರಣೆ ಕೊಡುತ್ತೇನೆ. ಮಂಡ್ಯದಲ್ಲಿ ಮೈಷುಗರ್ ಶುರುವಾದದ್ದು 1933ರಲ್ಲಿ. ಅವತ್ತಿನಿಂದ ಈ ಊರಿನವರಿಗೆ ಕಬ್ಬು, ಸಿಪ್ಪೆ, ಸಕ್ಕರೆ ಸಾಗಿಸುವುದು ಹೊಸದಲ್ಲ. ಒಂದೇ ಕಾರ್ಖಾನೆಯೊಳಗೆ ಮೂರು ಸರಕಿಗೆ ಮೂರು ಥರದ ಕನ್ವೇಯರ್ ಇರುತ್ತದೆ. ಕಬ್ಬಿಗೆ ಪಟ್ಟಿಗಳಿರುವ ದಪ್ಪ ಚೈನ್. ಸಿಪ್ಪೆ ಹಗುರ, ಆದರೆ ಅರ್ಧ ನೀರೇ, ಒಂದಕ್ಕೊಂದು ಹೆಣೆದುಕೊಳ್ಳುತ್ತದೆ. ಅದಕ್ಕೆ ಎಳೆದುಕೊಂಡು ಹೋಗುವ ಹಲಗೆಗಳು, ಈಗೀಗ ಬೆಲ್ಟ್.

ಸೆಂಟ್ರಿಫ್ಯೂಗಲ್‌ನಿಂದ, ಅಂದರೆ ಜೋರಾಗಿ ತಿರುಗಿ ಹರಳನ್ನೂ ಕಾಕಂಬಿಯನ್ನೂ ಬೇರೆ ಮಾಡುವ ಯಂತ್ರದಿಂದ, ಬೀಳುವ ಸಕ್ಕರೆಗೆ ಗ್ರಾಸ್‌ಹಾಪರ್. ಮಿಡತೆ ಅಂತಲೇ ಅರ್ಥ. ಉದ್ದದ ತಗಡಿನ ತೊಟ್ಟಿ, ಕೆಳಗೆ ಸ್ಪ್ರಿಂಗಿನ ಹಾಗೆ ಬಾಗುವ ಓರೆ ಕಾಲುಗಳು. ಒಂದು ಎಕ್ಸೆಂಟ್ರಿಕ್ (ನಡು ತಪ್ಪಿ ತಿರುಗುವ ಚಕ್ರ) ಅದನ್ನು ಮುಂದೆ ಮೇಲೆ ತಳ್ಳಿ, ಹಿಂದೆ ಕೆಳಗೆ ಎಳೆಯುತ್ತದೆ. ಪ್ರತಿ ಸಲ ಹರಳು ಒಂದು ಚಿಕ್ಕ ನೆಗೆತ ನೆಗೆಯುತ್ತದೆ. ಉಜ್ಜುವುದಿಲ್ಲ, ಹಿಸುಕುವುದಿಲ್ಲ. ಹೋಗುತ್ತಾ ಹೋಗುತ್ತಾ ತಣ್ಣಗೂ ಆಗುತ್ತದೆ. ಅಲ್ಲಿ ಸ್ಕ್ರೂ ಹಾಕಿದರೆ ಹರಳಿನ ಅಂಚು ಸವೆದು ಪುಡಿ ಏಳುತ್ತದೆ, ಹೊಳಪು ಹೋಗುತ್ತದೆ. ಹರಳು ಉಳಿಯಬೇಕು ಅಂತಲೇ ಇಷ್ಟೆಲ್ಲ ಮಾಡಿದ್ದು. ನಿನ್ನ ಅಕ್ಕಿಗೂ ಅದೇ ನ್ಯಾಯ ತಮ್ಮಾ.

ಪಶುಆಹಾರ_ಶಿಫ್ಟ್

ಗಾಳಿ ಪೈಪ್ ಬಗ್ಗೆ ಒಂದು ಮಾತು. ನಮ್ಮಲ್ಲಿ ಇದೆ. ಅಕ್ಕಿಗೆ ಬೇಡ. ಧಾನ್ಯ ಗಾಳಿಯಲ್ಲಿ ತೇಲಿ ಹೋಗಬೇಕಾದರೆ ಸೆಕೆಂಡಿಗೆ 20ರಿಂದ 25 ಮೀಟರ್ ವೇಗ ಬೇಕು. ಅಂದರೆ ಗಂಟೆಗೆ 70ರಿಂದ 90 ಕಿಲೋಮೀಟರ್. ಮೈಸೂರು ರೋಡಿನಲ್ಲಿ ಕಾರು ಹೋಗುವ ವೇಗದಲ್ಲಿ ಕಾಳು ಹೋಗಿ ಪೈಪಿನ ಬೆಂಡಿಗೆ ಬಡಿಯುತ್ತದೆ. ಇಡೀ ಅಕ್ಕಿ ಎಲ್ಲಿ ಉಳಿಯುತ್ತದೆ? ಜೊತೆಗೆ ಕರೆಂಟ್. ಅದೇ ಟನ್ನನ್ನು ಬೆಲ್ಟ್ ಸಾಗಿಸುವುದಕ್ಕಿಂತ ಹಲವು ಪಟ್ಟು ಜಾಸ್ತಿ. ಚೆಸ್ಕಾಂ ಬಿಲ್ ನೋಡಿ ನಮ್ಮ ಮ್ಯಾನೇಜರ್ ತಲೆ ಮೇಲೆ ಕೈ ಇಟ್ಟುಕೊಳ್ಳುತ್ತಾರೆ.

ಹೊಟ್ಟಿಗೆ ಗಾಳಿ ಸರಿ. ಹೊಟ್ಟು ಮುರಿದರೆ ಯಾರಿಗೂ ನಷ್ಟ ಇಲ್ಲ.

ಗಿರಣಿಮನೆ_ಮದ್ದೂರು

ಹೊಟ್ಟಿಗೆ ನಮ್ಮಲ್ಲಿ ಫ್ಯಾನ್ ಇದೆ ಅಣ್ಣ. ಆದರೆ ಬೆಂಡು ವರ್ಷಕ್ಕೊಮ್ಮೆ ತೂತು ಬೀಳುತ್ತದೆ. ತಗಡು ಹಾಕಿ ಬೆಸುಗೆ ಹಾಕಿಸುತ್ತೇವೆ, ಮತ್ತೆ ತೂತು. ಹೊಟ್ಟು ಅಷ್ಟು ಹಗುರ, ಕಬ್ಬಿಣ ಹೇಗೆ ಸವೆಯುತ್ತದೆ?

ಡ್ರಾಯಿಂಗ್‌ಬೋರ್ಡ್_ಹೂಟಗಳ್ಳಿ

ಹೊಟ್ಟು ಸುಟ್ಟರೆ ಸುಮಾರು ಐದನೇ ಒಂದು ಭಾಗ ಬೂದಿ ಉಳಿಯುತ್ತದೆ. ಆ ಬೂದಿಯಲ್ಲಿ ಬಹುಪಾಲು ಸಿಲಿಕಾ, ಮರಳಿನಲ್ಲಿರುವ ಅದೇ ವಸ್ತು. ಅಂದರೆ ನೀವು ಊದುತ್ತಿರುವುದು ಹಗುರವಾದ ಉಪ್ಪುಕಾಗದ. ಸವೆತ ವೇಗದ ಜೊತೆ ಸುಮ್ನೆ ಏರುವುದಿಲ್ಲ, ಹೆಚ್ಚುಕಡಿಮೆ ಅದರ ಮೂರನೇ ಘಾತದಲ್ಲಿ ಏರುತ್ತದೆ. ವೇಗ ಎರಡು ಪಟ್ಟು ಆದರೆ ಸವೆತ ಎಂಟು ಪಟ್ಟಿನ ಹತ್ತಿರ. ಹಾಗಾಗಿ ಪೈಪ್ ಕಟ್ಟಿಕೊಳ್ಳದಷ್ಟು ವೇಗ ಸಾಕು, ಅದಕ್ಕಿಂತ ಜಾಸ್ತಿ ಬೇಡ. ಬೆಂಡಿನ ಜಾಗದಲ್ಲಿ ಒಂದು ಡಬ್ಬಿ ಹಾಗೆ ಮಾಡಿಸಿ, ನೇರ ಬರುವ ಹೊಟ್ಟು ಮೊದಲು ಆ ಡಬ್ಬಿಯ ಕೊನೆಯಲ್ಲಿ ತುಂಬಿ ನಿಲ್ಲಲಿ. ಆಮೇಲೆ ಬರುವ ಹೊಟ್ಟು ಹೊಟ್ಟಿಗೇ ಬಡಿದು ತಿರುಗುತ್ತದೆ, ಕಬ್ಬಿಣಕ್ಕೆ ಅಲ್ಲ.

ಹೊಟ್ಟಿನ ಲೆಕ್ಕದಲ್ಲಿ ಎಲ್ಲರೂ ಎಡವುವ ಇನ್ನೊಂದು ಜಾಗ ಇದೆ. ನಿಮ್ಮಲ್ಲಿ ಗಂಟೆಗೆ 400 ಕಿಲೋ ಹೊಟ್ಟು ಬರುತ್ತದೆ, ಅಕ್ಕಿಯ ಕಾಲು ಭಾಗ ತೂಕ. ಆದರೆ ಒಂದು ಘನ ಮೀಟರ್ ಹೊಟ್ಟು ತೂಗುವುದು 100 ಕಿಲೋ ಆಸುಪಾಸು. ಅಂದರೆ 4000 ಲೀಟರ್, ಅಕ್ಕಿಯ ಎರಡು ಪಟ್ಟು ಜಾಗ. ಕನ್ವೇಯರ್ ಸಾಗಿಸುವುದು ಜಾಗವನ್ನು, ಟನ್ನನ್ನಲ್ಲ. "ಹಗುರ ಅಲ್ವಾ, ಸಣ್ಣದು ಸಾಕು" ಅಂತ ಮಾಡಿಸಿದವರ ಗಿರಣಿಯಲ್ಲಿ ಹೊಟ್ಟು ಉಕ್ಕಿ ಚೆಲ್ಲುತ್ತಿರುತ್ತದೆ.

ರಾಗಿಹಿಟ್ಟು_ನಂಜನಗೂಡು

ನಮ್ಮದು ರಾಗಿ ಮಾಲ್ಟ್ ಮತ್ತು ಹಿಟ್ಟಿನ ಸಣ್ಣ ಘಟಕ. ಹೆಂಗಸರೇ ನಡೆಸುತ್ತೇವೆ. ನನ್ನ ಸಮಸ್ಯೆ ಬೇರೆ, ಆದರೆ ಇಲ್ಲೇ ಕೇಳಿಬಿಡುತ್ತೇನೆ. ಹಿಟ್ಟಿನ ಹಾಪರ್ ಕೆಳಗೆ ಸ್ಕ್ರೂ ಇದೆ. ಹಾಪರ್‌ನಲ್ಲಿ ಹಿಟ್ಟು ಇದೆ, ಸ್ಕ್ರೂ ತಿರುಗುತ್ತಿದೆ, ಹಿಟ್ಟು ಮಾತ್ರ ಬರುವುದಿಲ್ಲ. ಸುತ್ತಿಗೆಯಲ್ಲಿ ಬಡಿದರೆ ಒಂದೇ ಸಲ ದಬದಬ ಬೀಳುತ್ತದೆ. ವೈಬ್ರೇಟರ್ ಹಾಕಿಸಿದೆವು, ಇನ್ನೂ ಕೆಟ್ಟಿತು. ಬಡಿದು ಬಡಿದು ಹಾಪರ್ ತುಂಬಾ ಗುಳಿ.

ಡ್ರಾಯಿಂಗ್‌ಬೋರ್ಡ್_ಹೂಟಗಳ್ಳಿ

ಅಕ್ಕ, ಹಿಟ್ಟು ಬಾಯಿಯ ಮೇಲೆ ಕಮಾನು ಕಟ್ಟಿಕೊಂಡಿದೆ. ಕಲ್ಲಿನ ಸೇತುವೆಯ ಕಮಾನು ಹೇಗೆ ತನ್ನ ಭಾರ ತಾನೇ ಹೊರುತ್ತದೋ ಹಾಗೆ. ಸುತ್ತಿಗೆ ಹೊಡೆದ ಗುಳಿ ಪ್ರತಿಯೊಂದೂ ಒಳಗಡೆ ಒಂದು ಗುಬ್ಬಿ. ಹಿಟ್ಟಿಗೆ ಕಾಲೂರಲು ಜಾಗ ಮಾಡಿಕೊಟ್ಟ ಹಾಗೆ. ವೈಬ್ರೇಟರ್ ಅನ್ನು ಸ್ಕ್ರೂ ನಿಂತಾಗಲೂ ಓಡಿಸುತ್ತೀರಾ? ಹಾಗಾದರೆ ಹಿಟ್ಟು ಕುಟ್ಟಿ ಕುಟ್ಟಿ ಗಟ್ಟಿಯಾಗುತ್ತದೆ. ಕೆಳಗೆ ಬಾಯಿ ಬಿಟ್ಟಿದ್ದಾಗ ಮಾತ್ರ, ಅದೂ ಕೆಲವು ಸೆಕೆಂಡ್ ಬಿಟ್ಟು ಬಿಟ್ಟು ಓಡಿಸಿ.

ಈ ಕಮಾನಿನ ಶಾಸ್ತ್ರವನ್ನು ಲೆಕ್ಕಕ್ಕೆ ತಂದವರು ಆಂಡ್ರೂ ಜೆನಿಕೆ. ಅಮೆರಿಕದ ಯೂಟಾ ವಿಶ್ವವಿದ್ಯಾಲಯದಿಂದ 1964ರಲ್ಲಿ ಅವರ ಲೆಕ್ಕ ಹೊರಬಂತು. ಹಾಪರ್ ಗೋಡೆ ಎಷ್ಟು ಕಡಿದಾಗಿರಬೇಕು, ಬಾಯಿ ಎಷ್ಟು ಅಗಲ ಬೇಕು ಎನ್ನುವುದು ಸರಕಿನ ಅಂಟು ಮತ್ತು ಗೋಡೆಯ ನುಣುಪಿನ ಮೇಲೆ ನಿಂತಿದೆ. ನಿಮ್ಮದಕ್ಕೆ ಒಳಗೆ ನುಣುಪಾದ ಸ್ಟೀಲ್ ಹಾಳೆ ಹೊದಿಸಿ, ಬಾಯಿ ಉದ್ದ ಮಾಡಿಸಿ. ಆದರೆ ಬಾಯಿ ಉದ್ದ ಮಾಡಿದರೆ ಒಂದು ತೊಡಕು. ಸ್ಕ್ರೂ ಪಿಚ್ ಉದ್ದಕ್ಕೂ ಒಂದೇ ಇದ್ದರೆ ಹಿಂದಿನ ತುದಿಯಲ್ಲೇ ತುಂಬಿಕೊಂಡುಬಿಡುತ್ತದೆ. ಮುಂದಿನ ಕಡೆ ಹಿಟ್ಟು ಅಲುಗದೆ ಕೂರುತ್ತದೆ. ಅದಕ್ಕೆ ಹಿಂದೆ ಪಿಚ್ ಚಿಕ್ಕದು, ಮುಂದೆ ಬರುತ್ತಾ ದೊಡ್ಡದು ಮಾಡಿಸಬೇಕು.

ದಯವಿಟ್ಟು ಯಾರೂ ಹಾಪರ್ ಒಳಗೆ ಇಳಿದು ಕಮಾನು ಒಡೆಯಬೇಡಿ. ಅದು ಕಾಲ ಕೆಳಗೆ ಕುಸಿದರೆ ಸೊಂಟದ ತನಕ ಹೂತ ಮನುಷ್ಯನನ್ನು ಕೈ ಹಿಡಿದು ಎಳೆಯಲು ಆಗುವುದಿಲ್ಲ.

ಧಾನ್ಯಪರೀಕ್ಷೆ_ಮೈಸೂರು

ಅಕ್ಕ, ನಿಮ್ಮದು ಮಾಲ್ಟ್ ಹಿಟ್ಟು, ಮಕ್ಕಳಿಗೂ ಹೋಗುತ್ತದೆ. ಸ್ಕ್ರೂ ತೊಟ್ಟಿಯ ತಳದಲ್ಲಿ ಗರಿ ಮುಟ್ಟದ ಒಂದು ಪದರ ಯಾವಾಗಲೂ ಉಳಿಯುತ್ತದೆ. ಹುಳ ಹತ್ತುವುದು ಅಲ್ಲೇ. ತಳ ಬಾಗಿಲಿನ ಹಾಗೆ ತೆರೆಯುವ ತೊಟ್ಟಿ ಮಾಡಿಸಿಕೊಳ್ಳಿ, ವಾರಕ್ಕೊಮ್ಮೆ ಬಿಚ್ಚಿ ಒರೆಸಿ. ಮೈಸೂರಿನ ಸಿಎಫ್‌ಟಿಆರ್‌ಐನಲ್ಲಿ (ಕೇಂದ್ರ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆ) ಹಿಟ್ಟಿನ ಗಿರಣಿ ತಂತ್ರಜ್ಞಾನಕ್ಕೇ ಒಂದು ಶಾಲೆ ಇದೆ. ನಮ್ಮೂರಿನಲ್ಲೇ ಇದೆ, ಹೋಗಿ ಕೇಳಲು ಸಂಕೋಚ ಬೇಡ.

ಪಶುಆಹಾರ_ಶಿಫ್ಟ್

ಹಿಟ್ಟು, ತೌಡು ಅಂದಾಗ ಧೂಳಿನ ಬೆಂಕಿಯ ಮಾತು ಬಿಡುವ ಹಾಗಿಲ್ಲ. ಹಿಟ್ಟು ಉರಿಯುತ್ತದೆ ಅಂದರೆ ನಮ್ಮ ಹುಡುಗರು ಮೊದಲು ನಂಬಲಿಲ್ಲ. ಗುಡ್ಡೆ ಹಿಟ್ಟಿಗೆ ಕಡ್ಡಿ ಗೀರಿದರೆ ಸುಮ್ನೆ ಕರಕಲಾಗುತ್ತದೆ ನಿಜ. ಗಾಳಿಯಲ್ಲಿ ಹರಡಿದ ಹಿಟ್ಟು ಸಿಡಿಯುತ್ತದೆ. 1878ರಲ್ಲಿ ಅಮೆರಿಕದ ಮಿನಿಯಾಪೊಲಿಸ್‌ನಲ್ಲಿ ವಾಶ್‌ಬರ್ನ್ ಹಿಟ್ಟಿನ ಗಿರಣಿ ಹೀಗೇ ಸಿಡಿದು 18 ಜನ ಸತ್ತರು.

ಮಂಡ್ಯದವರು ತಿಳಿಯಲೇಬೇಕಾದದ್ದು 2008ರ ಫೆಬ್ರವರಿ 7ರದ್ದು. ಅಮೆರಿಕದ ಜಾರ್ಜಿಯಾ ರಾಜ್ಯದ ಇಂಪೀರಿಯಲ್ ಶುಗರ್ ಕಾರ್ಖಾನೆ. ಸಿಲೋ (ಸಕ್ಕರೆ ತುಂಬಿಡುವ ಎತ್ತರದ ಕಣಜ) ಕೆಳಗಿನ ಸಕ್ಕರೆ ಬೆಲ್ಟ್ ಬಹಳ ಕಾಲ ತೆರೆದೇ ಇತ್ತು. ಸಕ್ಕರೆಗೆ ಕಸ ಬೀಳದಿರಲಿ ಅಂತ ಅದರ ಹಿಂದಿನ ವರ್ಷ ಸ್ಟೀಲ್ ಹಾಳೆಯಿಂದ ಮುಚ್ಚಿದರು. ಒಳಗಿನ ಧೂಳು ಎಳೆಯುವ ವ್ಯವಸ್ಥೆ ಮಾಡಲಿಲ್ಲ. ಮುಚ್ಚಿದ ಜಾಗದಲ್ಲಿ ಧೂಳು ಸಿಡಿಯುವ ಮಟ್ಟಕ್ಕೆ ತುಂಬಿತು. ಕಾದ ಬೇರಿಂಗ್ ಕಿಡಿ ಕೊಟ್ಟಿರಬೇಕು ಅಂತ ತನಿಖೆ ಹೇಳಿತು. ಮೊದಲ ಸ್ಫೋಟಕ್ಕೆ ಕಟ್ಟಡ ಅದುರಿತು. ತೊಲೆಗಳ ಮೇಲೆ ಕೂತಿದ್ದ ಹಳೇ ಧೂಳು ಕೆಳಗೆ ಬಿತ್ತು. ಅದು ಮತ್ತೆ ಮತ್ತೆ ಸಿಡಿಯಿತು. 14 ಜನ ಹೋದರು.

ಒಳ್ಳೆಯ ಉದ್ದೇಶಕ್ಕೇ ಮುಚ್ಚಿದ್ದು. ಅದೇ ನನ್ನನ್ನು ಕಾಡುವುದು. ಹಾಗಾಗಿ ಕನ್ವೇಯರ್ ಮುಚ್ಚಿದರೆ ಧೂಳು ಎಳೆಯುವ ಪೈಪ್ ಜೊತೆಗೇ ಹಾಕಿ. ತೊಲೆ, ಕೇಬಲ್ ಮೇಲಿನ ಧೂಳು ಗುಡಿಸಿ, ಗಾಳಿ ಹೊಡೆದು ಹಾರಿಸಬೇಡಿ. ಸರಕು ಒಳಬರುವ ಕಡೆ ಮ್ಯಾಗ್ನೆಟ್ ಇಡಿ, ಮೊಳೆ ಬಕೆಟ್ಟಿಗೆ ಬಡಿದರೂ ಕಿಡಿ ಬರುತ್ತದೆ. ಎಲಿವೇಟರ್ ಕೆಳಗೆ ಕಟ್ಟಿಕೊಂಡರೆ ಬೆಲ್ಟ್ ನಿಲ್ಲುತ್ತದೆ, ಮೇಲಿನ ಪುಲ್ಲಿ ಮಾತ್ರ ಉಜ್ಜುತ್ತಾ ಕಾಯುತ್ತದೆ. ಕೆಳಗಿನ ಶಾಫ್ಟಿಗೆ ಸುತ್ತು ನೋಡುವ ಸ್ವಿಚ್ ಹಾಕಿದರೆ ಸುತ್ತು ಇಳಿದ ಕೂಡಲೇ ಮೋಟಾರ್ ನಿಲ್ಲುತ್ತದೆ. ದುಬಾರಿ ವಸ್ತು ಏನಲ್ಲ.

ರಾಗಿಹಿಟ್ಟು_ನಂಜನಗೂಡು

ಇದು ನಮಗೆ ಯಾರೂ ಹೇಳಿರಲಿಲ್ಲ. ದೇವರ ದೀಪ ಹಿಟ್ಟಿನ ಕೋಣೆಯಲ್ಲೇ ಹಚ್ಚುತ್ತೇವೆ. ಇವತ್ತಿನಿಂದ ಆಫೀಸ್ ಕೋಣೆಗೆ ತರುತ್ತೇವೆ.

ಮೂರನೇವರ್ಷ_ಮೆಕ್ಯಾನಿಕಲ್

ಓದುವಾಗ ಸಿಕ್ಕಿದ್ದು ಹಂಚಿಕೊಳ್ಳುತ್ತೇನೆ. ಎಲಿವೇಟರ್, ಸ್ಕ್ರೂ, ಬೆಲ್ಟ್ ಮೂರನ್ನೂ ಒಂದೇ ಗಿರಣಿಯಲ್ಲಿ ಜೋಡಿಸಿ, ಮನುಷ್ಯರು ಹೊರದೆ ಹಿಟ್ಟು ತೆಗೆದವರು ಅಮೆರಿಕದ ಆಲಿವರ್ ಇವಾನ್ಸ್. 1780ರ ದಶಕದಲ್ಲೇ! 1790ರಲ್ಲಿ ಪೇಟೆಂಟ್ ಸಿಕ್ಕಿತು. ಅಂದರೆ ಈ ಯಂತ್ರಗಳೆಲ್ಲ ಶುರುವಾದದ್ದೇ ಗಿರಣಿಯಲ್ಲಿ. ಈಗ ಮೇಘಾಲಯದ ಸುಣ್ಣದ ಕಲ್ಲು 17 ಕಿಲೋಮೀಟರ್ ಬೆಲ್ಟ್ ಮೇಲೆ ಗಡಿ ದಾಟಿ ಬಾಂಗ್ಲಾದೇಶದ ಸಿಮೆಂಟ್ ಕಾರ್ಖಾನೆಗೆ ಹೋಗುತ್ತದೆ. ಓದಿ ಮೈ ಜುಂ ಎಂದಿತು.

ಗಿರಣಿಮನೆ_ಮದ್ದೂರು

ಸ್ಯಾಂಪಲ್ ಎಣಿಸಿದೆವು. ಅಪ್ಪ, ನಾನು, ತಂಗಿ. ಮೂರು ತಟ್ಟೆ, ಇಡೀ ಭಾನುವಾರ.

ಶೆಲ್ಲರ್ ಬಾಯಿಯಲ್ಲಿ 100 ಗ್ರಾಂಗೆ 4 ಗ್ರಾಂ ಮುರಿದದ್ದು. ಸ್ಕ್ರೂ ಕೊನೆಯಲ್ಲಿ 11. ನಡುವೆ 7 ಗ್ರಾಂ ಜಾಸ್ತಿ. ಆದರೆ ಎಲಿವೇಟರ್ ಮೇಲ್ಬಾಯಿಯಲ್ಲೇ 8 ಆಗಿದೆ! ಅಂದರೆ ಎಲಿವೇಟರ್ 4 ಮುರಿದಿದೆ, ಸ್ಕ್ರೂ 3. ನಾನು ಇಷ್ಟು ದಿನ ಸ್ಕ್ರೂವನ್ನೇ ಬೈಯುತ್ತಿದ್ದೆ. ಎಲಿವೇಟರೂ ಅದೇ ಹೊತ್ತಿಗೆ ಮಾಡಿಸಿದ್ದು. ಮೇಲಿನ ಪುಲ್ಲಿ 300 ಮಿಲಿಮೀಟರ್. ಸುತ್ತು 110. ಕಬ್ಬಿಣದ ಬಕೆಟ್.

ಡ್ರಾಯಿಂಗ್‌ಬೋರ್ಡ್_ಹೂಟಗಳ್ಳಿ

ಎಣಿಸಿದ್ದಕ್ಕೆ ನಿಮಗೆಲ್ಲ ನಮಸ್ಕಾರ. ಈಗ ದಾರಿ ಕಾಣುತ್ತದೆ.

ಎಲಿವೇಟರ್ ತಲೆಯಲ್ಲಿ ಬಕೆಟ್ ತಿರುಗುವಾಗ ಕಾಳನ್ನು ಭೂಮಿ ಕೆಳಗೆ ಎಳೆಯುತ್ತದೆ, ತಿರುಗುವ ವೇಗ ಹೊರಗೆ ಎಸೆಯುತ್ತದೆ. ಎರಡೂ ಸಮ ಇದ್ದರೆ ಕಾಳು ಸಲೀಸಾಗಿ ಚ್ಯೂಟ್ (ಸರಕು ಜಾರಿ ಇಳಿಯುವ ಓರೆ ಕೊಳವೆ) ಬಾಯಿಗೆ ಬೀಳುತ್ತದೆ. ಆ ಸುತ್ತು ಕಂಡುಹಿಡಿಯಲು ಸುಲಭ ಲೆಕ್ಕ, 30 ಅನ್ನು ತ್ರಿಜ್ಯದ ವರ್ಗಮೂಲದಿಂದ ಭಾಗಿಸಿ. ತ್ರಿಜ್ಯ ಅಂದರೆ ಪುಲ್ಲಿ ನಡುವಿನಿಂದ ಬಕೆಟ್ಟಿನ ನಡುವಿನ ತನಕ, ಮೀಟರ್‌ನಲ್ಲಿ. ನಿಮ್ಮದು ಸುಮಾರು 0.2. ವರ್ಗಮೂಲ 0.447. ಉತ್ತರ 67 ಸುತ್ತು. ನೀವು 110ರಲ್ಲಿ ಓಡಿಸುತ್ತಿದ್ದೀರಿ. ಕಾಳು ಚ್ಯೂಟಿಗೆ ಬೀಳುತ್ತಿಲ್ಲ, ತಲೆಯ ತಗಡಿಗೆ ಗುಂಡು ಹೊಡೆದ ಹಾಗೆ ಬಡಿಯುತ್ತಿದೆ. ತೀರಾ ನಿಧಾನ ಮಾಡಬೇಡಿ, ಆಗ ಕಾಳು ಎಲಿವೇಟರ್ ಕೊಳವೆಯೊಳಗೇ ಹಿಂದಕ್ಕೆ ಬೀಳುತ್ತದೆ.

67ಕ್ಕೆ ಇಳಿಸಿ. ಬಕೆಟ್ ಪ್ಲಾಸ್ಟಿಕ್‌ನದು ಹಾಕಿ. ಅಕ್ಕಿ ಒಳಬರುವ ಬಾಯಿ ಮೇಲೇರುವ ಬಕೆಟ್ಟಿನ ಕಡೆ ಇರಲಿ. ಕೆಳಗೆ ಗುಡ್ಡೆಯಲ್ಲಿ ಬಕೆಟ್ ಅಗೆದುಕೊಂಡು ಹೋಗುವುದಕ್ಕಿಂತ, ಬೀಳುವ ಧಾರೆಯನ್ನು ಹಿಡಿದುಕೊಂಡು ಹೋಗುವುದು ಕಾಳಿಗೆ ಹಿತ. ಸುತ್ತು ಇಳಿಸಿದರೂ 2 ಟನ್ನಿಗೆ ಬಕೆಟ್ ಸಾಲುತ್ತದಾ ಅಂತ ಒಂದು ಸಲ ನೋಡಿಕೊಳ್ಳಿ, ಸಾಲದಿದ್ದರೆ ಬಕೆಟ್ ಹತ್ತಿರ ಹತ್ತಿರ ಹಾಕಿ.

ಹಳೇಫಿಟ್ಟರ್_ಮಂಡ್ಯ

ಅದಾದ ಮೇಲೂ ಸ್ಕ್ರೂ ತೆಗೆಯಬೇಕು ಅನಿಸಿದರೆ ನನ್ನ ಓಟು ಬೆಲ್ಟಿಗೆ. 10 ಮೀಟರ್ ಮಟ್ಟಸ ದಾರಿ. ಅಕ್ಕಿ ಬೆಲ್ಟ್ ಮೇಲೆ ಮಲಗಿಕೊಂಡು ಹೋಗುತ್ತದೆ, ಅಲುಗುವುದೇ ಇಲ್ಲ. ಕರೆಂಟ್ ಕಡಿಮೆ. ಬೆಲ್ಟ್ ಒಂದು ಕಡೆಗೆ ಸರಿದರೆ ಹೆದರಬೇಡ. ರೋಲರ್‌ನ ಯಾವ ತುದಿಯನ್ನು ಬೆಲ್ಟ್ ಮೊದಲು ಮುಟ್ಟುತ್ತದೋ ಆ ತುದಿಯ ಕಡೆಗೆ ಸರಿಯುತ್ತದೆ. ಇಷ್ಟು ನೆನಪಿದ್ದರೆ ಯಾವ ರೋಲರ್ ಎತ್ತ ತಿರುಗಿಸಬೇಕು ಅಂತ ಗೊತ್ತಾಗುತ್ತದೆ. ಒಂದೊಂದೇ ರೋಲರ್, ಸ್ವಲ್ಪ ಸ್ವಲ್ಪ. ತಿರುಗಿಸಿದ ಮೇಲೆ ಬೆಲ್ಟ್ ನಾಲ್ಕಾರು ಸುತ್ತು ಬರಲಿ, ಆಮೇಲೆ ಮುಂದಿನದು. ಅದಕ್ಕೂ ಮೊದಲು ಅಕ್ಕಿ ಬೆಲ್ಟಿನ ನಟ್ಟನಡುವೆ ಬೀಳುತ್ತಿದೆಯಾ ನೋಡು. ಎಷ್ಟೋ ಸಲ ರೋಗ ಇರುವುದು ಚ್ಯೂಟಿನಲ್ಲಿ.

ಡ್ರಾಯಿಂಗ್‌ಬೋರ್ಡ್_ಹೂಟಗಳ್ಳಿ

ಅಣ್ಣ, ಇಲ್ಲಿ ನಿಮ್ಮ ಮಾತಿಗೆ ನನ್ನ ಒಪ್ಪಿಗೆ ಇಲ್ಲ. ತೆರೆದ ಬೆಲ್ಟಿಗೆ ಇಲಿ, ಗುಬ್ಬಿ, ಮೇಲಿಂದ ಬೀಳುವ ಧೂಳು. ತಿನ್ನುವ ಅಕ್ಕಿ ಅದು. ಚೈನ್ ಕನ್ವೇಯರ್ ಆದರೆ ಮುಚ್ಚಿದ ಪೆಟ್ಟಿಗೆ. ಚೈನಿನ ಅಡ್ಡಪಟ್ಟಿ ತಳದಲ್ಲಿ ಮೆಲ್ಲಗೆ ಹೋಗುತ್ತದೆ, ಮೇಲಿನ ಅಕ್ಕಿ ಇಡೀ ಗಟ್ಟಿಯಾಗಿ ಅದರ ಜೊತೆಗೇ ಸರಿಯುತ್ತದೆ. ಒಂದು ಕಾಳು ಇನ್ನೊಂದರ ಮೇಲೆ ಉರುಳುವುದಿಲ್ಲ. ತಳಕ್ಕೆ ನುಣುಪು ಪ್ಲಾಸ್ಟಿಕ್ ಹಾಳೆ, ವೇಗ ಸೆಕೆಂಡಿಗೆ ಅರ್ಧ ಮೀಟರ್ ದಾಟದಿದ್ದರೆ ನುಚ್ಚು ಬಹಳ ಕಡಿಮೆ. ಜಾಗವೂ ಕಡಿಮೆ ಸಾಕು. ಬೆಲೆ ಜಾಸ್ತಿ, ಅದು ನಿಜ.

ಹಳೇಫಿಟ್ಟರ್_ಮಂಡ್ಯ

ಇಲಿ ವಿಷಯ ಸರಿ. ಆದರೆ ಚೈನ್ ಒಮ್ಮೆ ತುಂಡಾದರೆ ಮದ್ದೂರಿನಲ್ಲಿ ಸುಗ್ಗಿ ಹೊತ್ತಿಗೆ ಕೊಂಡಿ ಎಲ್ಲಿ ಸಿಗುತ್ತದೆ? ಬೆಲ್ಟ್ ಹರಿದರೆ ಕ್ಲಿಪ್ ಹಾಕಿ ಒಂದು ಗಂಟೆಯಲ್ಲಿ ಓಡಿಸುತ್ತೇನೆ. ನಾಲ್ಕು ಕೊಂಡಿ ಮೊದಲೇ ತಂದು ಇಟ್ಟುಕೊಳ್ಳುವುದಾದರೆ ಚೈನ್‌ಗೆ ನನ್ನ ತಕರಾರಿಲ್ಲ.

ಗಿರಣಿಮನೆ_ಮದ್ದೂರು

ಮೂರು ವಾರ ಆಯಿತು, ಬಂದು ಹೇಳಬೇಕಲ್ಲ.

ಎಲಿವೇಟರ್ ಪುಲ್ಲಿ ಬದಲಿಸಿದೆವು, ಈಗ 68 ಸುತ್ತು. ಪ್ಲಾಸ್ಟಿಕ್ ಬಕೆಟ್, ಒಂದಕ್ಕೊಂದು ಹತ್ತಿರ. ಸ್ಕ್ರೂ 52 ಸುತ್ತು. ಮತ್ತೆ ತಟ್ಟೆ ಹಿಡಿದು ಕೂತೆವು. ಶೆಲ್ಲರ್ ಬಾಯಿಯಲ್ಲಿ 4, ಎಲಿವೇಟರ್ ಮೇಲೆ ಐದಕ್ಕೆ ಸ್ವಲ್ಪ ಕಡಿಮೆ, ಸ್ಕ್ರೂ ಕೊನೆಯಲ್ಲಿ 6. ಮೊದಲು 11 ಇತ್ತು. ಖರ್ಚು ಆಗಿದ್ದು ಎರಡು ಪುಲ್ಲಿ, ಬಕೆಟ್, ಒಂದು ದಿನದ ಕೂಲಿ. ನಡುವಿನ ಬೇರಿಂಗ್ ಹತ್ತಿರ ಗುಡ್ಡೆ ಆಗುವುದೂ ಕಡಿಮೆ ಆಗಿದೆ, ಪೂರ್ತಿ ನಿಂತಿಲ್ಲ. ಚೈನ್ ಕನ್ವೇಯರ್ ಈ ಸುಗ್ಗಿ ಮುಗಿದ ಮೇಲೆ ನೋಡೋಣ ಅಂತ ಅಪ್ಪ ಹೇಳಿದರು. ಆಗ ಸ್ಕ್ರೂವನ್ನು ತೌಡಿಗೆ ಬಳಸುತ್ತೇವೆ. ಭತ್ತದ ಬಿರುಕು ಕೂಡ ಟಾರ್ಚಿನಲ್ಲಿ ನೋಡಿದೆವು. ಒಂದು ಲಾಟಿನಲ್ಲಿ ತುಂಬಾ ಇತ್ತು. ಆ ರೈತರಿಗೆ ತೋರಿಸಿದೆ, ರಾತ್ರಿ ಟಾರ್ಪಾಲ್ ಹೊದಿಸುತ್ತೇವೆ ಎಂದಿದ್ದಾರೆ.

ಹಳೇಫಿಟ್ಟರ್_ಮಂಡ್ಯ

ಮುಚ್ಚಳ?

ಗಿರಣಿಮನೆ_ಮದ್ದೂರು

ಹಾಕಿದೆ ಅಣ್ಣ, ಮಾರಿಗೆ ಆರು ಬೋಲ್ಟ್. ಬೇರಿಂಗ್ ಮೇಲೆ ಒಳಗೆ ನೋಡಲು ಚಿಕ್ಕ ಕಿಂಡಿ, ಅದಕ್ಕೆ ಕಬ್ಬಿಣದ ಜಾಲರಿ, ಬೆರಳು ಹೋಗುವುದಿಲ್ಲ. ಮೇನ್ ಹತ್ತಿರ ಬೀಗ ನೇತು ಹಾಕಿದ್ದೇನೆ. ಹುಡುಗ ಈಗ ಟವೆಲ್ ಗೂಟಕ್ಕೆ ಹಾಕಿ ಒಳಗೆ ಬರುತ್ತಾನೆ. ಫೋಟೋ ಕೆಳಗಿದೆ, ನೋಡಿ.